ಎಫ್‌ಸಿ ಪಾಸಾಗಿದೆ, ಸರಿ. ಯಾವುದರಲ್ಲಿ?

ಮೈಸೂರಿನಲ್ಲಿ ಹಳೇ ಕಾರು ಮಾರುವವರ ಬಾಯಲ್ಲಿ ಒಂದು ಮಾತು ಸದಾ ರೆಡಿ ಇರುತ್ತದೆ. "ಎಫ್‌ಸಿ ಆಗಿದೆ ಸಾರ್, ಇನ್ನೈದು ವರ್ಷ ತಲೆನೋವಿಲ್ಲ." ಎಫ್‌ಸಿ ಅಂದರೆ ಗಾಡಿ ಓಡಿಸಲು ಯೋಗ್ಯ ಅಂತ ತಪಾಸಣೆ ಮಾಡಿ ಕೊಡುವ ಫಿಟ್‌ನೆಸ್ ಸರ್ಟಿಫಿಕೇಟ್. ಕೊಳ್ಳುವವರೂ ತಲೆಯಾಡಿಸುತ್ತಾರೆ. ಆಲ್ಟೊನೋ ಸ್ಯಾಂಟ್ರೊನೋ ಆದರೆ ಆ ಮಾತಿಗೆ ಸ್ವಲ್ಪ ತೂಕವಿದೆ. ಎಂಜಿನ್ನಿಗೆ ಹೆಚ್ಚು ಗಾಳಿ ತುಂಬಿ ಬಲ ಕೊಡುವ ಟರ್ಬೊ ಇರುವ, ಮನಸ್ಸು ಮಾಡಿದರೆ ಗಂಟೆಗೆ ಇನ್ನೂರು ಕಿಲೋಮೀಟರ್ ದಾಟುವ ಕಾರಿನ ಬಗ್ಗೆಯೂ ಅದೇ ಮಾತು ಹೇಳುತ್ತಾರಲ್ಲ, ಅಲ್ಲಿ ನನ್ನ ತಕರಾರು.

ಮೊದಲು ನಿಯಮ ನೋಡಿ. ನಮ್ಮಲ್ಲಿ ಖಾಸಗಿ ಕಾರಿಗೆ ಮೊದಲ 15 ವರ್ಷ ಯಾವ ತಪಾಸಣೆಯೂ ಇಲ್ಲ. ಹೊಗೆ ಟೆಸ್ಟ್ ಒಂದು ಬಿಟ್ಟರೆ ಯಾರೂ ಅದರ ಕೆಳಗೆ ಬಗ್ಗಿ ನೋಡುವುದಿಲ್ಲ. 15 ತುಂಬಿದಾಗ ಆರ್‌ಸಿ ರಿನ್ಯೂವಲ್ಲಿಗೆ ಹೋಗಬೇಕು, ಆಗ ಎಫ್‌ಸಿ. ಆಮೇಲೆ ಐದು ವರ್ಷಕ್ಕೊಮ್ಮೆ. ಹಳದಿ ಬೋರ್ಡ್ ಗಾಡಿಗಳಿಗೆ ಲೆಕ್ಕ ಬೇರೆ: ಎಂಟು ವರ್ಷದವರೆಗೆ ಎರಡು ವರ್ಷಕ್ಕೊಮ್ಮೆ, ಎಂಟು ದಾಟಿದರೆ ವರ್ಷ ವರ್ಷವೂ. ಅಂದರೆ ಅರಮನೆ ಮುಂದೆ ನಿಂತು ಊಟಿಗೆ ಪ್ರವಾಸಿಗರನ್ನು ಕರೆದೊಯ್ಯುವ ಹಳೇ ಟ್ಯಾಕ್ಸಿಯ ಬ್ರೇಕನ್ನು ಸರ್ಕಾರ ಪ್ರತಿ ವರ್ಷ ನೋಡುತ್ತದೆ. ಅದನ್ನು ಓವರ್‌ಟೇಕ್ ಮಾಡಿಕೊಂಡು ಹೋಗುವ ಟರ್ಬೊ ಕಾರಿನ ಬ್ರೇಕನ್ನು ಹದಿನೈದು ವರ್ಷ ನೋಡುವುದೇ ಇಲ್ಲ. ಟ್ಯಾಕ್ಸಿ ಜಾಸ್ತಿ ಓಡುತ್ತದೆ, ಜನರನ್ನು ಹೊರುತ್ತದೆ, ಒಪ್ಪಿದೆ. ಆದರೂ ಹದಿನೈದು ವರ್ಷ!

ನನ್ನ ಹತ್ತಿರ ಇರುವುದು 2005ರ ಒಂದು ಯುರೋಪಿಯನ್ ಸೆಡಾನ್. ಪೆಟ್ರೋಲ್ ಟರ್ಬೊ, ಮ್ಯಾನ್ಯುಯಲ್ ಗೇರ್. ಕಂಪನಿ ಹೆಸರು ಬೇಡ, ಈ ಬರಹಕ್ಕೆ ಅದು ಮುಖ್ಯವೂ ಅಲ್ಲ. ಮೊದಲ ಮಾಲೀಕರು ಕೊಡಗಿನ ಕಡೆಯವರು, ಕಾಫಿ ತೋಟ ಇದ್ದವರು. ಎರಡನೆಯವರು ಮೈಸೂರಿನ ಡಾಕ್ಟರ್. ಮೂರನೆಯವನು ನಾನು. ಇಪ್ಪತ್ತು ವರ್ಷ ತುಂಬಿದ್ದರಿಂದ ಎರಡನೇ ಸಲ ಎಫ್‌ಸಿಗೆ ಕರೆದುಕೊಂಡು ಹೋಗಿದ್ದೆ.

ಅದು ಹೇಗಿರುತ್ತದೆ ಅಂತ ಹೇಳಿಬಿಡುತ್ತೇನೆ. ಆನ್‌ಲೈನ್‌ನಲ್ಲಿ ಅರ್ಜಿ, ಶುಲ್ಕ, ಇನ್ಶೂರೆನ್ಸ್, ಎಮಿಷನ್ ಸರ್ಟಿಫಿಕೇಟ್. ಆಮೇಲೆ ಗಾಡಿ ತೋರಿಸಬೇಕು. ಬೆಳಿಗ್ಗೆಯೇ ಹೋಗಿ ಸಾಲಿನಲ್ಲಿ ನಿಲ್ಲುವುದು ವಾಸಿ. ನನ್ನ ಮುಂದೆ ಒಂದು ಓಮ್ನಿ, ಹಿಂದೆ ಒಂದು ಸ್ಕೂಲ್ ವ್ಯಾನ್. ಒಬ್ಬ ಹುಡುಗ ಬಂದು ಬಾನೆಟ್ ಎತ್ತಿಸಿದ. ಹಳೇ ಬನಿಯನ್ ಬಟ್ಟೆಯಿಂದ ಚಾಸಿಸ್ ನಂಬರ್ ಮೇಲಿನ ಧೂಳು, ಎಣ್ಣೆ ಒರೆಸಿದ. ಪೆನ್ಸಿಲ್ ಅಡ್ಡ ಹಿಡಿದು ಲೋಹದ ಮೇಲೇ ಉಜ್ಜಿದ. ಅದರ ಮೇಲೆ ಪಾರದರ್ಶಕ ಟೇಪ್ ಅಂಟಿಸಿ, ಉಗುರಿನಿಂದ ಒತ್ತಿ ಒತ್ತಿ ಮೆಲ್ಲಗೆ ಕಿತ್ತ. ಹದಿನೇಳು ಅಕ್ಷರ, ಅಂಕಿಗಳು ಬೂದು ಬಣ್ಣದಲ್ಲಿ ಟೇಪಿಗೆ ಬಂದವು. ಒಂದು ಅಂಕಿ ಮಸುಕಾಗಿತ್ತು ಅಂತ ಮತ್ತೆ ಉಜ್ಜಿದ. ಇಡೀ ದಿನದಲ್ಲಿ ಅಷ್ಟು ಶ್ರದ್ಧೆಯಿಂದ ನಡೆದ ಕೆಲಸ ಅದೊಂದೇ.

ಆಮೇಲೆ ಬ್ರೇಕ್ ಇನ್‌ಸ್ಪೆಕ್ಟರ್ ಬಂದರು. ಹೆಡ್‌ಲೈಟ್, ಇಂಡಿಕೇಟರ್, ಹಾರ್ನ್, ವೈಪರ್. ಸ್ವಲ್ಪ ಮುಂದೆ ಹೋಗಿ ಬ್ರೇಕ್ ಹಾಕಿ ಅಂದರು, ಹಾಕಿದೆ, ನಿಂತಿತು. ಟೈರ್ ನೋಡಿದರು. "ಚೆನ್ನಾಗಿ ಇಟ್ಕೊಂಡಿದ್ದೀರ" ಅಂದರು. ನನಗೆ ಖುಷಿಯಾಯಿತು, ಸುಳ್ಳೇಕೆ. ಅವರ ಮೇಲೆ ದೂರೇನೂ ಇಲ್ಲ. ಸಾಲು ಅಷ್ಟುದ್ದ ಇದ್ದಾಗ, ಕೈಯಲ್ಲಿ ಮಷಿನ್ ಇಲ್ಲದಿದ್ದಾಗ, ಯಾರು ಮಾಡಿದರೂ ಅಷ್ಟೇ ಮಾಡಲು ಸಾಧ್ಯ.

ಪ್ರಶ್ನೆ ಏನೆಂದರೆ, ಆ ನಿಧಾನದ ಬ್ರೇಕ್ ನನ್ನ ಕಾರಿನ ಬಗ್ಗೆ ಏನು ಹೇಳಿತು?

ಬ್ರೇಕ್ ಆಯಿಲ್ ಗಾಳಿಯಲ್ಲಿರುವ ತೇವವನ್ನು ಹೀರಿಕೊಳ್ಳುತ್ತಾ ಹೋಗುತ್ತದೆ. ಡಾಟ್ 4 ದರ್ಜೆಯ ಹೊಸ ಆಯಿಲ್ ಕನಿಷ್ಠ 230 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದು ಅನ್ನುವುದು ಮಾನದಂಡ. ತೇವ ಹೀರಿದ ಆಯಿಲ್‌ಗೆ ಅದೇ ಮಾನದಂಡ 155ಕ್ಕೆ ಇಳಿಯುತ್ತದೆ. ತಣ್ಣಗಿರುವ ಬ್ರೇಕಿನಲ್ಲಿ ಈ ಎರಡಕ್ಕೂ ವ್ಯತ್ಯಾಸವೇ ತಿಳಿಯುವುದಿಲ್ಲ. ತಿಳಿಯುವುದು ಚಾಮುಂಡಿ ಬೆಟ್ಟ ಇಳಿಯುವಾಗ. ಭಾರದ ಕಾರು, ಎರಡನೇ ಗೇರಿಗೆ ಹಾಕದೆ ಬರೀ ಬ್ರೇಕ್ ಮೇಲೇ ಇಳಿಸಿದರೆ ಡಿಸ್ಕ್ ಕಾಯುತ್ತದೆ, ಆ ಬಿಸಿ ಆಯಿಲ್‌ಗೆ ಹೋಗುತ್ತದೆ, ಆಯಿಲ್‌ನಲ್ಲಿ ಆವಿಯ ಗುಳ್ಳೆ ಏಳುತ್ತದೆ. ದ್ರವ ಒತ್ತಿದರೆ ಕುಗ್ಗುವುದಿಲ್ಲ, ಆವಿ ಕುಗ್ಗುತ್ತದೆ. ಆಗ ಪೆಡಲ್ ಮೆತ್ತಗಾಗಿ ಕೆಳಗೆ ಹೋಗುತ್ತದೆ. ವೇಗದ ಕಾರಿನಲ್ಲಿ ಇದು ಇನ್ನೂ ಕೆಟ್ಟದು. ವೇಗ ಎರಡು ಪಟ್ಟಾದರೆ ಬ್ರೇಕು ನುಂಗಬೇಕಾದ ಶಕ್ತಿ ನಾಲ್ಕು ಪಟ್ಟಾಗುತ್ತದಲ್ಲ. ಅಂಗಳದಲ್ಲಿ ಇಪ್ಪತ್ತರ ವೇಗದಲ್ಲಿ ನಿಂತ ಕಾರು ಎಕ್ಸ್‌ಪ್ರೆಸ್‌ವೇಯಲ್ಲಿ ನೂರರಿಂದ ಹೇಗೆ ನಿಲ್ಲುತ್ತದೆ ಅಂತ ಯಾರೂ ಹೇಳಲಾರರು.

ಟೈರ್ ಕಥೆಯೂ ಹೀಗೇ. ಇಂಥ ಕಾರುಗಳು ಎಷ್ಟೋ ಸಲ ಎರಡನೇ ಕಾರಾಗಿ ಮನೆಯಲ್ಲಿ ನಿಂತಿರುತ್ತವೆ. ಓಟ ಕಡಿಮೆ, ಹಾಗಾಗಿ ಟೈರಿನ ಕಟ್ಟಿಂಗ್ ಚೆನ್ನಾಗಿ ಕಾಣುತ್ತದೆ. 1.6 ಮಿಲಿಮೀಟರ್ ಕನಿಷ್ಠ ಆಳ ಅಂತ ನೋಡಿದರೆ ಆರಾಮಾಗಿ ಪಾಸು. ಆದರೆ ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿ ಇರುತ್ತದೆ, ಬಗ್ಗಿ ನೋಡಿ. 2316 ಅಂತಿದ್ದರೆ 2016ರ 23ನೇ ವಾರ ತಯಾರಾದ ಟೈರ್. ಬಿಸಿಲಲ್ಲಿ ನಿಂತು ನಿಂತು ರಬ್ಬರ್ ಗಟ್ಟಿಯಾಗಿರುತ್ತದೆ, ಪಕ್ಕದಲ್ಲಿ ಕೂದಲೆಳೆಯ ಬಿರುಕು ಬಿಟ್ಟಿರುತ್ತದೆ. ಮೊದಲ ಮಳೆಗೆ ಅದರ ಬಂಡವಾಳ ಗೊತ್ತಾಗುತ್ತದೆ.

ನಮ್ಮ ಚಿಕ್ಕಮ್ಮನ ಮಗ ಇಂಗ್ಲೆಂಡಿನ ಕವೆಂಟ್ರಿಯಲ್ಲಿದ್ದಾನೆ. ಅವನಿಗೂ ಇದೇ ಹುಚ್ಚು. ಫೋಕ್ಸ್‌ವ್ಯಾಗನ್ ಕಂಪನಿಯ ಹಳೇ ಗಾಲ್ಫ್ ಜಿಟಿಐ ಕಾರೊಂದನ್ನು ನೋಡಿಟ್ಟಿದ್ದ. "ಅಣ್ಣಾ, ಈ ನಂಬರ್ ಹಾಕಿ ನೋಡು" ಅಂತ ಕಾರಿನ ನಂಬರ್ ಕಳಿಸಿದ. ಅಲ್ಲಿನ ಸರ್ಕಾರದ ವೆಬ್‌ಸೈಟಿನಲ್ಲಿ ಯಾರ ಕಾರಿನ ನಂಬರ್ ಹಾಕಿದರೂ ಅದರ ತಪಾಸಣೆಯ ಜಾತಕ ಬರುತ್ತದೆ, ದುಡ್ಡೂ ಇಲ್ಲ, ಓಟಿಪಿಯೂ ಇಲ್ಲ. ನಾನು ಚಾಮರಾಜಪುರಂನ ಮನೆಯಲ್ಲಿ ಕೂತು, ಕಾಫಿ ಆರುವವರೆಗೂ ಆ ಕಾರಿನ ಒಂದೊಂದು ವರ್ಷವನ್ನೂ ಓದಿದೆ.

ಅಲ್ಲಿ ಇದಕ್ಕೆ ಎಂಓಟಿ ಅನ್ನುತ್ತಾರೆ. ಶುರುವಾಗಿದ್ದು 1960ರಲ್ಲಿ, ಆಗ ಹತ್ತು ವರ್ಷ ದಾಟಿದ ಗಾಡಿಗಳಿಗೆ ಮಾತ್ರ. 1967ರಲ್ಲಿ ಅದನ್ನು ಮೂರು ವರ್ಷಕ್ಕೆ ಇಳಿಸಿದರು. ಈಗಲೂ ಅಷ್ಟೇ: ಕಾರಿಗೆ ಮೂರು ತುಂಬಿದ ಮೇಲೆ ಪ್ರತಿ ವರ್ಷ. ಲೈಸೆನ್ಸ್ ಇರುವ ಗ್ಯಾರೇಜುಗಳಲ್ಲೇ ಮಾಡಿಸಬಹುದು, ಕಾರಿಗೆ ಗರಿಷ್ಠ ಶುಲ್ಕ 54.85 ಪೌಂಡ್. ಫೇಲ್, ಪಾಸ್ ಜೊತೆಗೆ ಇನ್ನೊಂದು ಸಾಲು ಇರುತ್ತದೆ, ನನಗೆ ಬಹಳ ಇಷ್ಟವಾಗಿದ್ದು ಅದೇ. ಈಗ ಪಾಸು, ಆದರೆ ಇದರ ಮೇಲೆ ಒಂದು ಕಣ್ಣಿಡಿ ಅನ್ನುವ ಸೂಚನೆ. ಮುಂದಿನ ಎಡ ಟೈರ್ ಸವೆಯುತ್ತಾ ಬಂದಿದೆ. ಹಿಂದಿನ ಬ್ರೇಕ್ ಪೈಪಿಗೆ ಸ್ವಲ್ಪ ತುಕ್ಕು. ಆಯಿಲ್ ಜಿನುಗುತ್ತಿದೆ, ಜಾಸ್ತಿಯೇನಿಲ್ಲ. ಪ್ರತಿ ಸಲವೂ ಮೀಟರ್ ರೀಡಿಂಗ್ ಬರೆದಿರುತ್ತಾರೆ.

ಆ ಗಾಲ್ಫ್‌ನಲ್ಲಿ ಒಂದೇ ಸೂಚನೆ ಮೂರು ವರ್ಷ ಸತತವಾಗಿ ಬಂದಿತ್ತು: ಮುಂದಿನ ಸಸ್ಪೆನ್ಷನ್ ಬುಷ್, ಅಂದರೆ ಕೀಲುಗಳಲ್ಲಿ ಕೂರುವ ರಬ್ಬರ್, ಸವೆದಿದೆ. ನಾಲ್ಕನೇ ವರ್ಷ ಫೇಲ್. ಅದೇ ವಾರ ಮತ್ತೆ ಪಾಸು. ಅಂದರೆ ಮಾಲೀಕ ಫೇಲ್ ಆಗುವವರೆಗೂ ಕಾದ, ಆಮೇಲೆ ಓಡಿ ಹೋಗಿ ಬದಲಾಯಿಸಿದ. ತಮ್ಮನಿಗೆ ಫೋನ್ ಮಾಡಿ ಹೇಳಿದೆ: "ಕಾರಲ್ಲಿ ದೋಷ ಇಲ್ಲ ಕಣೋ, ಓಡಿಸಿದವನ ಕೈ ಬಿಗಿ. ಬುಷ್‌ಗೇ ಹೀಗೆ ಮಾಡಿದವನು ಎಂಜಿನ್ ಆಯಿಲ್ ಟೈಮಿಗೆ ಸರಿಯಾಗಿ ಹಾಕಿಸಿರ್ತಾನಾ?" ಅವನು ಆ ಕಾರು ಬಿಟ್ಟ.

ಈ ಹುಚ್ಚಿಗೆ ಬಿದ್ದ ಮೇಲೆ ನನಗೆ ಮನದಟ್ಟಾಗಿದ್ದು ಇದೇ. ತಪಾಸಣೆಯಲ್ಲಿ ಪಾಸಾಗುವುದು ಕಾರು ಅಂದುಕೊಳ್ಳುತ್ತೇವೆ. ಬಹುಮಟ್ಟಿಗೆ ಪಾಸಾಗುವುದು ಮಾಲೀಕ. ಟೈರು, ಬ್ರೇಕ್ ಪ್ಯಾಡು, ಬಲ್ಬು, ವೈಪರ್ ಬ್ಲೇಡು, ಬುಷ್ಷು, ಇವೆಲ್ಲ ಯಾವ ಕಾರಿನಲ್ಲಾದರೂ ಸವೆಯುವಂಥವೇ. ಟೈಮಿಗೆ ಬದಲಾಯಿಸಿದರೆ ಪಾಸು. ಜರ್ಮನಿಯಲ್ಲಿ ಟಿಯುವಿ ಅನ್ನುವ ಸಂಸ್ಥೆಗಳು ಮಾಡುವ ಇಂಥದ್ದೇ ತಪಾಸಣೆಯ ಮೇಲೆ ಪ್ರತಿ ವರ್ಷ ಮಾಡೆಲ್‌ವಾರು ವರದಿ ಬರುತ್ತದೆ. ಹಳೇ ಕಾರುಗಳ ಗುಂಪಿನಲ್ಲಿ ಪೋರ್ಷೆ 911 ಎಷ್ಟೋ ಸಲ ಪಟ್ಟಿಯ ಮೇಲ್ಗಡೆ ಇತ್ತು. ಚೆನ್ನಾಗಿ ಕಟ್ಟಿದ ಕಾರು, ಅನುಮಾನವಿಲ್ಲ. ಆದರೆ ಅದು ವರ್ಷಕ್ಕೆ ಎಷ್ಟು ಓಡುತ್ತದೆ, ಎಂಥ ಗ್ಯಾರೇಜಿನಲ್ಲಿ ನಿಂತಿರುತ್ತದೆ, ಸರ್ವಿಸ್ ಬಿಲ್ ಕಟ್ಟುವವನ ಜೇಬು ಎಂಥದ್ದು, ಅದೂ ಆ ಅಂಕಿಯೊಳಗೆ ಸೇರಿಕೊಂಡಿದೆ. ಅದೇ ವರದಿ ಹಿಡಿದು ಇಂಥ ವೇಗದ ಕಾರು ನಂಬಿಕಸ್ಥ, ಇಂಥದ್ದು ಅಲ್ಲ ಅಂತ ತೀರ್ಪು ಕೊಡುವವರನ್ನು ಕಂಡರೆ ನನಗೆ ನಗು ಬರುತ್ತದೆ.

ಜೇಬು ಕೆಡಿಸುವ ಕಾಯಿಲೆಗಳು ತಪಾಸಣೆಯ ಪಟ್ಟಿಯಲ್ಲೇ ಇಲ್ಲ. ಎಂಓಟಿಯಲ್ಲಿ ಎಂಜಿನ್, ಕ್ಲಚ್, ಗೇರ್‌ಬಾಕ್ಸ್ ಸ್ಥಿತಿ ನೋಡುವುದಿಲ್ಲ ಅಂತ ಬ್ರಿಟನ್ ಸರ್ಕಾರವೇ ಸ್ಪಷ್ಟವಾಗಿ ಬರೆದಿದೆ. ನಮ್ಮ ಎಫ್‌ಸಿಯಲ್ಲೂ ಯಾರೂ ಎಂಜಿನ್ನಿನ ವಾಲ್ವ್‌ಗಳನ್ನು ತಾಳಕ್ಕೆ ಸರಿಯಾಗಿ ಆಡಿಸುವ ಟೈಮಿಂಗ್ ಬೆಲ್ಟಿನ ಕವರ್ ಬಿಚ್ಚಿ ನೋಡುವುದಿಲ್ಲ. ಬೆಲ್ಟ್ ಇವತ್ತು ಎಫ್‌ಸಿ ಪಾಸಾಗಿ ನಾಳೆ ಶ್ರೀರಂಗಪಟ್ಟಣ ದಾಟುವಷ್ಟರಲ್ಲಿ ತುಂಡಾಗಬಹುದು. ಆಗ ವಾಲ್ವ್‌ಗಳು ಬಗ್ಗಿ, ಕಾರಿನ ಬೆಲೆಗೆ ಹತ್ತಿರದ ಬಿಲ್ ಬರುತ್ತದೆ. ಆ ಕಾಲದ ಟರ್ಬೊ ಪೆಟ್ರೋಲ್ ಎಂಜಿನ್‌ಗಳಲ್ಲಿ ಇಗ್ನಿಷನ್ ಕಾಯಿಲ್ ಕೈಕೊಡುವುದು, ವ್ಯಾಕ್ಯೂಮ್ ಪೈಪುಗಳು ಒಣಗಿ ಸೀಳುವುದು ಮಾಮೂಲಿ. ಡಿಎಸ್‌ಜಿ, ಅಂದರೆ ಎರಡು ಕ್ಲಚ್ಚಿನ ಆಟೊಮ್ಯಾಟಿಕ್ ಗೇರ್‌ಬಾಕ್ಸಿನ ಕಾರುಗಳದ್ದು ಇನ್ನೊಂದು ಪುರಾಣ. 2013ರಲ್ಲಿ ಫೋಕ್ಸ್‌ವ್ಯಾಗನ್ ಏಳು ಸ್ಪೀಡಿನ ಡಿಎಸ್‌ಜಿ ಇದ್ದ ಸುಮಾರು 16 ಲಕ್ಷ ಕಾರುಗಳನ್ನು ಜಗತ್ತಿನಾದ್ಯಂತ ವಾಪಸ್ ಕರೆದು, ಗೇರ್‌ಬಾಕ್ಸಿನ ಸಿಂಥೆಟಿಕ್ ಆಯಿಲ್ ತೆಗೆದು ಮಿನರಲ್ ಆಯಿಲ್ ಹಾಕಿಕೊಟ್ಟಿತ್ತು. ಯಾವ ದೇಶದ ವಾರ್ಷಿಕ ಟೆಸ್ಟಿನಲ್ಲೂ ಇನ್‌ಸ್ಪೆಕ್ಟರ್ ಕಣ್ಣಿಗೆ ಬೀಳುವ ದೋಷ ಅಲ್ಲ ಅದು.

ಮೂರನೇ ಮಾಲೀಕನ ಕಷ್ಟ ಇಲ್ಲೇ ಶುರು. ಹದಿನೈದು ಲಕ್ಷದ ಕಾರು ಮೂರು ಲಕ್ಷಕ್ಕೆ ಇಳಿಯುತ್ತದೆ, ಅದರ ಡಿಸ್ಕ್, ಪ್ಯಾಡ್, ಟರ್ಬೊ ಬೆಲೆ ಇಳಿಯುವುದಿಲ್ಲ. ಹಳೇ ಸ್ವಿಫ್ಟ್ ದುಡ್ಡಿಗೆ ಸಿಕ್ಕಿತಲ್ಲ ಅಂತ ಕೊಂಡವರು ಆಮೇಲೆ ಆನೆ ಕೊಂಡು ಅಂಕುಶಕ್ಕೆ ಚೌಕಾಸಿ ಮಾಡುತ್ತಾರೆ. ಎಂಜಿನ್ನಿನ ಸಾಫ್ಟ್‌ವೇರ್ ತಿದ್ದಿ ಬಲ ಏರಿಸುವ ರೀಮ್ಯಾಪ್‌ಗೆ ದುಡ್ಡಿರುತ್ತದೆ, ಬ್ರೇಕ್ ಆಯಿಲ್‌ಗೆ ಇರುವುದಿಲ್ಲ. ಸದ್ದು ಬರಲಿ ಅಂತ ಸೈಲೆನ್ಸರಿನಲ್ಲಿ ಹೊಗೆಯ ವಿಷ ತಗ್ಗಿಸುವ ಕ್ಯಾಟ್ (ಕ್ಯಾಟಲಿಟಿಕ್ ಕನ್ವರ್ಟರ್) ಕಿತ್ತು ನೇರ ಪೈಪ್ ಹಾಕಿಸುತ್ತಾರೆ. ಎಫ್‌ಸಿ ಹತ್ತಿರ ಬಂದಾಗ ಒಂದು ವಾರದ ಮಟ್ಟಿಗೆ ಹಳೇದನ್ನು ಮತ್ತೆ ಕೂರಿಸುವ ಗ್ಯಾರೇಜುಗಳೂ ಇವೆ. ಊರು ಬೇಡ, ಹೆಸರೂ ಬೇಡ.

ಹೊಗೆ ಟೆಸ್ಟ್ ಬಗ್ಗೆ ಒಂದು ಮಾತು. ನನ್ನ ಕಾಲದ ಪೆಟ್ರೋಲ್ ಕಾರಿಗೆ ಕಾರ್ಬನ್ ಮಾನಾಕ್ಸೈಡ್ (ಸಿಓ) 0.5 ಶೇಕಡಾ, ಹೈಡ್ರೋಕಾರ್ಬನ್ 750 ಪಿಪಿಎಂ ಮಿತಿ. ಬಿಎಸ್ 4, ಅಂದರೆ ಆಮೇಲೆ ಬಂದ ಬಿಗಿಯಾದ ಹೊಗೆ ನಿಯಮದ ಕಾರುಗಳಿಗೆ 0.3 ಮತ್ತು 200. ಬಿಎಸ್ 4ರಿಂದ ಈಚೆಯವಕ್ಕೆ ಸರ್ಟಿಫಿಕೇಟ್ ಒಂದು ವರ್ಷ, ನನ್ನಂಥವಕ್ಕೆ ಆರು ತಿಂಗಳು. ಅಳೆಯುವುದು ಕಾರು ನಿಂತಲ್ಲೇ. ಟರ್ಬೊ ಪೂರ್ತಿ ಬೂಸ್ಟ್ ಕೊಡುವಾಗ ಹಿಂದೆ ಏನು ಹೋಗುತ್ತದೆ ಅನ್ನುವುದು ಆ ಚೀಟಿಯಲ್ಲಿ ಬರುವುದಿಲ್ಲ. ಆದರೂ ಆ ಅಂಕಿಗಳನ್ನು ನಾನು ಎಸೆಯುವುದಿಲ್ಲ. ಹಿಂದಿನ ಸಲಕ್ಕಿಂತ ಸಿಓ ಏರಿದೆ ಅಂದರೆ ಸ್ಕ್ಯಾನರ್ ಹಾಕಿಸುವ ಹೊತ್ತು ಬಂತು ಅಂತಲೇ ಅರ್ಥ. ಆಕ್ಸಿಜನ್ ಸೆನ್ಸರ್ ಹೋಗಿರಬಹುದು, ಕಾಯಿಲ್ ಮಿಸ್ ಹೊಡೆಯುತ್ತಿರಬಹುದು.

ಮಷಿನ್ ಬಂದರೆ ಎಲ್ಲ ಸರಿಹೋಗುತ್ತದೆ ಅನ್ನುವವರೂ ಇದ್ದಾರೆ. ಸ್ವಯಂಚಾಲಿತ ತಪಾಸಣಾ ಕೇಂದ್ರಗಳಿಗೆ ಕೇಂದ್ರ ಸರ್ಕಾರ 2021ರಲ್ಲಿ ನಿಯಮ ತಂದಿತು. ಅಲ್ಲಿ ಚಕ್ರಗಳನ್ನು ರೋಲರ್ ಮೇಲೆ ನಿಲ್ಲಿಸಿ ಬ್ರೇಕ್ ಹಿಡಿತ ಅಳೆಯುತ್ತಾರೆ, ಎಡಕ್ಕೂ ಬಲಕ್ಕೂ ಎಷ್ಟು ವ್ಯತ್ಯಾಸ ಅನ್ನುವುದು ಅಂಕಿಯಲ್ಲಿ ಬರುತ್ತದೆ. ಸಸ್ಪೆನ್ಷನ್, ಸೈಡ್ ಸ್ಲಿಪ್, ಹೆಡ್‌ಲೈಟ್ ಬೀಳುವ ಕೋನ, ಎಲ್ಲಕ್ಕೂ ಯಂತ್ರ. ನನಗಂತೂ ಇದು ಬರಲಿ ಅಂತ ಆಸೆ. ಬ್ರೇಕ್ ಪ್ಯಾಡನ್ನು ಡಿಸ್ಕಿಗೆ ಒತ್ತುವ ಒಂದು ಕ್ಯಾಲಿಪರ್ ಅಂಟಿಕೊಂಡಿದ್ದರೆ ಮನುಷ್ಯನ ಕಾಲಿಗೆ ತಿಳಿಯುವ ಮೊದಲೇ ರೋಲರಿಗೆ ತಿಳಿಯುತ್ತದೆ. ಆದರೆ ಐದು ವರ್ಷಕ್ಕೊಮ್ಮೆ ರೋಲರ್ ಮೇಲೆ ಹತ್ತಿಸಿದರೆ ಸಿಗುವುದು ಒಂದು ದಿನದ ಲೆಕ್ಕ ಅಷ್ಟೇ. ಶುಲ್ಕ ಮಾತ್ರ ಮುಂದೆ ಓಡಿದೆ. 2022ರ ಏಪ್ರಿಲ್‌ನಿಂದ ಕಾರಿನ ರಿನ್ಯೂವಲ್ ಶುಲ್ಕ 600ರಿಂದ 5,000 ಆಯಿತು. 2025ರ ಆಗಸ್ಟ್‌ನಲ್ಲಿ ಇಪ್ಪತ್ತು ದಾಟಿದ ಕಾರುಗಳಿಗೆ 10,000 ಮಾಡಿದರು. ಹತ್ತು ಸಾವಿರ ಕೊಟ್ಟವನಿಗೆ ಬುಷ್ ಸ್ಥಿತಿ ಬರೆದ ಒಂದು ಚೀಟಿಯಾದರೂ ಬೇಡವಾ?

ಮಂಡ್ಯದ ಗೆಳೆಯನೊಬ್ಬನ ಹತ್ತಿರ ಇದನ್ನೆಲ್ಲ ಹೇಳಿದೆ. ಅವನದು ಕಬ್ಬಿನ ಗದ್ದೆ, ಮನೆಯಲ್ಲಿ ಟ್ರ್ಯಾಕ್ಟರ್ ಇದೆ. ಪೂರ್ತಿ ಕೇಳಿಸಿಕೊಂಡು ಅಂದ: "ನಿನ್ ಕಾರ್ಗೆ ವರ್ಸ ವರ್ಸ ಟೆಸ್ಟ್ ಬೇಕು, ಸರಿ ಕಣ. ರಾತ್ರಿ ಫ್ಯಾಕ್ಟ್ರಿಗೆ ಕಬ್ ತಕ್ಕೊಂಡ್ ಹೋಗೋ ಟ್ರೇಲರ್ ಹಿಂದ್ಗಡೆ ಒಂದ್ ಕೆಂಪ್ ಲೈಟಾರ ಐತಾ, ಅದ ಯಾರ್ ನೋಡವ್ರು ಹೇಳು?" ಉತ್ತರ ನನ್ನ ಹತ್ತಿರ ಇರಲಿಲ್ಲ. 2023ರ ಆಗಸ್ಟ್‌ನಿಂದ ಬೆಂಗಳೂರು-ಮೈಸೂರು ಎಕ್ಸ್‌ಪ್ರೆಸ್‌ವೇ ಮೇಲೆ ಟ್ರ್ಯಾಕ್ಟರ್, ಬೈಕ್, ಆಟೋ ಬಿಡುವುದಿಲ್ಲ, ನಿಜ. ಸರ್ವಿಸ್ ರಸ್ತೆಯಲ್ಲಿ, ಪಾಂಡವಪುರದ ಕಡೆ ಒಳರಸ್ತೆಗಳಲ್ಲಿ ಕತ್ತಲೆಯ ಗುಡ್ಡೆ ಹಾಗೇ ಸಾಗುತ್ತಿರುತ್ತದೆ. ಅದರ ಹಿಂದೆ ಹೋಗುವವನ ಬ್ರೇಕು ಸರಿಯಿರಬೇಕು ಅನ್ನುವುದಕ್ಕೆ ಇದು ಇನ್ನೊಂದು ಕಾರಣ ಅಂದೆ. "ಬುಡು, ನೀನು ಎಲ್ಲಿಂದ ಎಲ್ಗಾದ್ರೂ ತಂದ್ ಗಂಟಾಕ್ತೀಯ" ಅಂದ.

ಸರ್ಕಾರ ಕೇಳದಿದ್ದರೂ ನನ್ನ ಕಾರಿಗೆ ವರ್ಷಕ್ಕೊಮ್ಮೆ ಟೆಸ್ಟ್ ಇದೆ. ಆಯುಧಪೂಜೆಗೆ ಮುಂಚೆ, ತೊಳೆಸುವುದಕ್ಕೂ ಮೊದಲು, ಮಂಡಿ ಮೊಹಲ್ಲಾದ ನಮ್ಮ ಮೆಕ್ಯಾನಿಕ್ ಭಾಯ್ ಹತ್ತಿರ ಬಿಡುತ್ತೇನೆ. ತೊಳೆದ ಮೇಲೆ ಬಿಟ್ಟರೆ ಆಯಿಲ್ ಎಲ್ಲಿ ಜಿನುಗುತ್ತಿದೆ ಅಂತ ಗೊತ್ತಾಗುವುದಿಲ್ಲ ಅನ್ನುವುದು ಭಾಯ್ ಲೆಕ್ಕ. ಲಿಫ್ಟ್ ಮೇಲೆ ಏರಿಸಿ, ಒಂದು ರಾಡ್ ಹಾಕಿ ಚಕ್ರವನ್ನು ಕೆಳಗಿನಿಂದ ಹಿಡಿದಿರುವ ಲೋವರ್ ಆರ್ಮನ್ನು ಮೀಟುತ್ತಾರೆ. ರಬ್ಬರ್ ಎಷ್ಟು ಬಾಯಿ ಬಿಡುತ್ತದೆ ನೋಡಿ, "ಈ ವರ್ಷ ನಡೀತದೆ ಸಾರ್, ಬರೋ ವರ್ಷ ನಡಿಯಲ್ಲ" ಅಂತಾರೆ. ಅದನ್ನೇ ಕಿಲೋಮೀಟರ್ ಸಮೇತ ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳುತ್ತೇನೆ. ಕವೆಂಟ್ರಿಯ ಗ್ಯಾರೇಜಿನವನು ಬರೆಯುವುದೂ ಇದನ್ನೇ, ಅಲ್ವಾ? ಅವನದು ಸರ್ಕಾರದ ಕಂಪ್ಯೂಟರಿಗೆ ಹೋಗುತ್ತದೆ, ನಮ್ಮದು ಡ್ಯಾಶ್‌ಬೋರ್ಡ್ ಒಳಗೆ ಇರುತ್ತದೆ.

ಯಾರಾದರೂ ಇಂಥ ಕಾರು ಕೊಳ್ಳೋಣ ಅಂತ ನನ್ನನ್ನು ಕೇಳಿದರೆ, ಎಫ್‌ಸಿ ತಾರೀಖು ನೋಡುವುದನ್ನು ಕೊನೆಗಿಡಿ ಅನ್ನುತ್ತೇನೆ. ಸರ್ಕಾರದ ಎಂಪರಿವಾಹನ್ ಆ್ಯಪ್‌ನಲ್ಲಿ ಎಷ್ಟನೇ ಮಾಲೀಕ, ಇನ್ಶೂರೆನ್ಸ್ ಯಾವಾಗ ಮುಗಿಯುತ್ತದೆ ಅನ್ನುವುದು ಸಿಗುತ್ತದೆ, ಕಿಲೋಮೀಟರ್ ಸಿಗುವುದಿಲ್ಲ. ಮೀಟರ್ ಹಿಂದಕ್ಕೆ ತಿರುಗಿಸುವವರಿಗೆ ಅದೇ ವರ. ಹಾಗಾಗಿ ಫಾಸ್ಟ್ಯಾಗ್ ಸ್ಟೇಟ್‌ಮೆಂಟ್ ಕೇಳಿ. ಕಾರು ಓಡಿರುವುದು ಬರೀ ನಲವತ್ತು ಸಾವಿರ, ಮನೆಯಿಂದ ಕ್ಲಿನಿಕ್‌ಗೆ ಮಾತ್ರ ಅನ್ನುವವರ ಸ್ಟೇಟ್‌ಮೆಂಟಿನಲ್ಲಿ ಬೆಂಗಳೂರು ದಾರಿಯ ಗಣಂಗೂರು ಟೋಲ್ ವಾರಕ್ಕೆರಡು ಸಲ ಬಂದಿದ್ದರೆ ಮಾತು ಅಲ್ಲಿಗೆ ಮುಗಿಯಿತು. ಬ್ರೇಕ್ ಆಯಿಲ್ ಬಿಲ್ ಕೇಳಿ. ಟೈಮಿಂಗ್ ಬೆಲ್ಟ್ ಬಿಲ್ ಕೇಳಿ. ನಾಲ್ಕು ಟೈರೂ ಒಂದೇ ಕಂಪನಿಯವಾ ನೋಡಿ. ನಾಲ್ಕು ಚಕ್ರಕ್ಕೆ ನಾಲ್ಕು ಹೆಸರಿನ ಟೈರ್ ಹಾಕಿದವರ ಹತ್ತಿರ ನಾನು ಟರ್ಬೊ ಕಾರು ಕೊಳ್ಳುವುದಿಲ್ಲ, ಎಫ್‌ಸಿ ನಿನ್ನೆಯೇ ಆಗಿದ್ದರೂ.

ಸರ್ಕಾರ ದೊಡ್ಡದೇನೂ ಮಾಡಬೇಕಿಲ್ಲ ಅನಿಸುತ್ತದೆ. ಹೊಗೆ ಟೆಸ್ಟ್ ಹೇಗೂ ಎಲ್ಲ ಕಾರಿಗೂ ಇದೆ. ಅಲ್ಲಿನ ಹುಡುಗ ನಂಬರ್ ಪ್ಲೇಟಿನ ಫೋಟೊ ತೆಗೆದು ಸರ್ಕಾರದ ಕಂಪ್ಯೂಟರಿಗೆ ಏರಿಸುತ್ತಾನೆ. ಜೊತೆಗೆ ಮೀಟರ್ ರೀಡಿಂಗನ್ನೂ ಏರಿಸಿ, ಆ್ಯಪ್‌ನಲ್ಲಿ ಎಲ್ಲರಿಗೂ ಕಾಣುವ ಹಾಗೆ ಮಾಡಿದರೆ ನಾಲ್ಕೈದು ವರ್ಷದಲ್ಲಿ ಪ್ರತಿ ಕಾರಿಗೂ ಒಂದು ಚರಿತ್ರೆ ಬೆಳೆಯುತ್ತದೆ. ಕಾನೂನು ಹೊಸದು ಬೇಕು, ಮಷಿನ್ ಹೊಸದು ಬೇಡ.

ಕಳೆದ ಸಲ ಎಮಿಷನ್ ಮಾಡಿಸುವಾಗ ಆ ಹುಡುಗನನ್ನೇ ಕೇಳಿದೆ, ಮೀಟರ್ ಬರ್ಕೊಳ್ಳೋಕೆ ಎಷ್ಟು ಹೊತ್ತು ಆಗುತ್ತಪ್ಪ ಅಂತ.

"ಹೊತ್ತೇನಿಲ್ಲ ಅಣ್ಣ" ಅಂದ, ಸೈಲೆನ್ಸರಿನಿಂದ ಪೈಪ್ ಎಳೆದುಕೊಳ್ಳುತ್ತಾ. "ಆದ್ರೆ ಎಲ್ರೂ ನಿಮ್ ಥರ ಗಾಡಿ ತಗೊಂಡು ಬರಲ್ವಲ್ಲ. ಕೆಲವ್ರು ವಾಟ್ಸಾಪಲ್ಲಿ ಫೋಟೊ ಕಳಿಸ್ತೀವಿ, ಮಾಡ್ಕೊಡು ಅಂತಾರೆ. ಅವ್ರ ಮೀಟರ್ ಎಲ್ಲಿ ನೋಡ್ಲಿ?"